ಹಳದಿ ವಜ್ರದ ಒಂಟಿ ಓಲೆ

ರವಿಕೆಯ ಅಳತೆ ಕೊಡುವ ಹೆಂಗಸರು ಎಲ್ಲಿ ನೋಡುತ್ತಾರೆ ಎಂದು ನಿಮಗೆ ಗೊತ್ತೆ? ನೀವೂ ಎಷ್ಟೋ ಸಲ ಹಾಗೆ ನೋಡಿರುತ್ತೀರಿ, ಗಮನಿಸಿರುವುದಿಲ್ಲ ಅಷ್ಟೇ. ಎರಡೂ ಕೈಗಳನ್ನು ಒಸಿ ಮೇಲಕ್ಕೆತ್ತಿ ಉಸಿರು ಹಿಡಿದು ನಿಂತವರಿಗೆ ತಲೆ ಬಗ್ಗಿಸಲು ಆಗುವುದಿಲ್ಲ. ನೇರವಾಗಿ ನನ್ನ ಮುಖ ನೋಡಲು ಸಂಕೋಚ. ಟೇಪು ಹಿಡಿದು ನಾನು ಹತ್ತಿರಕ್ಕೆ ಬಾಗಿದಾಗ ಅವರ ಕಣ್ಣಿಗೆ ಸಿಗುವುದು ನನ್ನ ಕಿವಿ ಒಂದೇ. ಹೀಗಾಗಿ ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ನನ್ನ ಕಿವಿಗಳಷ್ಟು ಪರೀಕ್ಷೆಗೆ ಒಳಗಾದ ಕಿವಿಗಳು ಬೇರೆ ಇರಲಾರವು.

ಅಕ್ಕ ಹೋದ ಮೇಲೆ ಆ ಕಿವಿಗಳಲ್ಲಿ ಬೇವಿನ ಕಡ್ಡಿ ಇತ್ತು. ತೂತು ಮುಚ್ಚಿಕೊಳ್ಳದಿರಲಿ ಎಂದು ನಾನೇ ಚುಚ್ಚಿಕೊಂಡದ್ದು.

"ಯಾಕಕ್ಕ, ಓಲೆ ಏನಾದ್ವು?" ಎಂದು ಗಿರಾಕಿಗಳು ಕೇಳುವರು.

"ತೊಳ್ಯಕ್ಕೆ ಬಿಚ್ಚಿಟ್ಟಿವ್ನಿ," ಎನ್ನುವೆನು.

ಎಷ್ಟು ದಿನ ತಾನೆ ತೊಳೆಯುವುದು? ಪಕ್ಕದ ಮನೆಯ ಮುಮ್ತಾಜ್ ಒಂದು ದಿನ ಬಾಗಿಲಲ್ಲಿ ನಿಂತು ಬೈದೇಬಿಟ್ಟಳು. ಅವಳ ಗಂಡ ರೇಷ್ಮೆ ನೂಲು ತೆಗೆಸುವವನು. ಅವಳ ಮಾತೂ ನೂಲಿನಂತೆ, ಎಳೆ ಸಿಕ್ಕರೆ ಬಿಡುವುದಿಲ್ಲ. "ಆ ಕಡ್ಡಿ ಕಿತ್ತು ಬಿಸಾಕಕ್ಕ. ಮೇಕೆ ಬಂದು ಮೇಯ್ತದೆ ಒಂದಿನ," ಎಂದಳು. ನಗು ಬಂತು. ಆದರೆ ಕಡ್ಡಿ ಕಿತ್ತರೆ ಹಾಕಿಕೊಳ್ಳುವುದು ಏನನ್ನು? ಅವ್ವನ ಓಲೆ ನನ್ನ ಹತ್ತಿರ ಇದ್ದದ್ದು ಒಂದೇ.

ಅದು ಯಾಕೆ ಒಂದೇ ಎಂದು ಹೇಳಬೇಕು. ಅಕ್ಕ ಎಂದರೆ ಜಯಕ್ಕ. ನನಗಿಂತ ದೊಡ್ಡವಳು, ಗೊಂಬೆ ಕಾರ್ಖಾನೆಯಲ್ಲಿ ಲೇತು ಮಿಷನ್ನಿನ ಮುಂದೆ ಕೂತು ಕೆಲಸ ಮಾಡುತ್ತಿದ್ದವಳು. ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಆ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ತಾಳೆಗರಿಯ ತುಂಡಿನಿಂದ ಉಜ್ಜಿದರೆ ಕನ್ನಡಿಯ ಹೊಳಪು ಬರುತ್ತದೆ. ಅವಳದು ಆ ಕೆಲಸ, ನನ್ನದು ಹೊಲಿಗೆ. ನಮ್ಮಿಬ್ಬರಿಗೂ ಮದುವೆ ಆಗಲಿಲ್ಲ. ಯಾಕೆ ಎಂದು ಬರೆಯಲು ಕೂತರೆ ಬೇರೆಯದೇ ಒಂದು ಬರಹವಾದೀತು, ಅದರಲ್ಲಿ ಅಂಥ ಸ್ವಾರಸ್ಯವೂ ಇಲ್ಲ. ಒಂದು ಮನೆ, ಒಂದು ಒಲೆ, ಒಂದು ಜೊತೆ ಓಲೆ. ಮಾಮೂಲಿ ದಿನಗಳಲ್ಲಿ ಸರದಿಯ ಮೇಲೆ, ಇಲ್ಲವೇ ಯಾರು ಮದುವೆಗೋ ನಾಮಕರಣಕ್ಕೋ ಹೋಗುತ್ತಾರೋ ಅವರ ಕಿವಿಗೆ ಓಲೆ. ಇಬ್ಬರೂ ಹೋಗಬೇಕಾದರೆ ಜಗಳ. ಜಗಳದಲ್ಲಿ ಗೆಲ್ಲುತ್ತಿದ್ದವಳು ಅಕ್ಕನೇ, ಆದರೆ ಗೆದ್ದ ಮೇಲೆ ಓಲೆಯನ್ನು ನನ್ನ ಕೈಗೇ ಕೊಡುತ್ತಿದ್ದಳು. "ನೀನೇ ಹಾಕ್ಕೋ. ನಿನ್ ಮುಖಕ್ಕೆ ಏನಾರ ಒಂದು ಆಸರೆ ಬೇಕು," ಎನ್ನುವಳು.

ಅವಳು ತೀರಿಕೊಂಡ ದಿನ ಓಲೆ ಅವಳ ಕಿವಿಯಲ್ಲಿದ್ದವು. ಮಣ್ಣು ಮಾಡಲು ಹೊಂಗನೂರಿಗೆ, ನಮ್ಮ ಹಿಪ್ಪುನೇರಳೆ ತೋಟದ ಬದುವಿಗೆ ಒಯ್ದಾಗ ಹೆಂಗಸರು ಒಡವೆ ಬಿಚ್ಚತೊಡಗಿದರು. ಬಲಗಿವಿಯದು ಬಂತು. ಎಡಗಿವಿಯದರ ತಿರುಪು ಕಚ್ಚಿಕೊಂಡು ಕೂತಿತ್ತು. ಎಣ್ಣೆ ಬಿಟ್ಟರು, ಸೋಪು ಹಚ್ಚಿದರು. ಯಾರೋ ಇಕ್ಕಳ ತರಲು ಹೊರಟರು. ನಾನು ಬೇಡ ಎಂದೆ.

"ವಜ್ರಾನ ಮಣ್ಣಿಗಾಕ್ತಾರೇನವ್ವ?" ಎಂದು ಚಿಕ್ಕಮ್ಮ ಕೇಳಿದಳು.

"ಅವಳಿಗೆ ಬಿಡಕ್ಕೆ ಇಷ್ಟ ಇಲ್ಲ. ಇರ್ಲಿ ಬುಡಿ," ಎಂದೆ.

ಅದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಆದರೆ ಮನೆಗೆ ಬಂದು ಉಳಿದ ಒಂದನ್ನು ಡಬ್ಬಿಯಲ್ಲಿ ಇಟ್ಟಾಗಿನಿಂದ ನನಗೆ ಒಂಟಿ ವಸ್ತುಗಳೇ ಕಾಣತೊಡಗಿದವು. ನಿಮಗೆ ಗೊತ್ತಿದೆಯೋ ಇಲ್ಲವೋ, ಒಬ್ಬರಿಗಾಗುವಷ್ಟು ಮುದ್ದೆ ತಿರುವಲು ಬರುವುದಿಲ್ಲ. ಹಿಟ್ಟು ಕಡಿಮೆಯಾದರೆ ಕೋಲಿಗೆ ಹಿಡಿತ ಸಿಗದೆ ಗಂಟು ಕಟ್ಟುತ್ತದೆ. ಹಾಗಾಗಿ ಇಬ್ಬರಿಗಾಗುವಷ್ಟು ತಿರುವಿ, ಮಿಕ್ಕಿದ್ದನ್ನು ಸಂಜೆ ಮಜ್ಜಿಗೆಗೆ ಕಿವುಚಿಕೊಳ್ಳುತ್ತೇನೆ. ನನ್ನ ರವಿಕೆಯ ಬೆನ್ನು ಸರಿಯಾಗಿ ಕೂತಿದೆಯೇ ಎಂದು ನೋಡಲು ಯಾರೂ ಇಲ್ಲ. ಊರಿನವರ ಬೆನ್ನನ್ನೆಲ್ಲ ಸರಿಮಾಡುವವಳು ನಾನು, ನನ್ನ ಬೆನ್ನಿನ ಸುಕ್ಕು ನನಗೇ ಕಾಣುವುದಿಲ್ಲ.

ಚೀಟಿ ಎತ್ತಿದ ಹಣ ಕೈಗೆ ಬಂದಾಗ ತೀರ್ಮಾನ ಮಾಡಿದೆ. ಓಲೆಗೆ ಜೋಡಿ ಮಾಡಿಸುವುದು. ಇನ್ನು ಯಾವುದಕ್ಕೆ ಜೋಡಿ ಹುಡುಕಲಿ ಈ ವಯಸ್ಸಿನಲ್ಲಿ?

ಆದರೆ ಅದು ಸಾಮಾನ್ಯ ವಜ್ರವಲ್ಲ, ಹಳದಿ ವಜ್ರ. ಅದರ ಕತೆಯನ್ನು ಅಕ್ಕನೇ ಹೇಳುತ್ತಿದ್ದಳು. ಅವ್ವ ಹೋದ ಮೇಲೆ ಪೆಟ್ಟಿಗೆಯಿಂದ ತೆಗೆದಾಗ ಆ ಓಲೆಗಳ ಕಲ್ಲುಗಳು ಗಂಜಿನೀರಿನ ಹಾಗೆ ಮಂಕಾಗಿದ್ದವು, ಒಂದು ಅಲುಗಾಡುತ್ತಲೂ ಇತ್ತು. ನಾನು ಮುಖ ಸಣ್ಣ ಮಾಡಿದೆ. ಅಕ್ಕ ಎರಡನ್ನೂ ಸೆರಗಿನ ತುದಿಗೆ ಕಟ್ಟಿಕೊಂಡು, "ಆಚಾರಿ ತಾವ ತೊಳಸ್ಕಂಡ್ ಬತ್ತೀನಿ," ಎಂದು ಹೋದಳು. ಬಂದಾಗ ಕಲ್ಲುಗಳು ಅರಿಶಿನದ ನೀರಿಗೆ ಬಿಸಿಲು ಬಿದ್ದಂತೆ ಹೊಳೆಯುತ್ತಿದ್ದವು. "ಕೊಳೆ ಹೋಯ್ತು ಕಣೇ, ಒಳಗೆ ಹಳದಿ ಇತ್ತು. ಇದು ಹಳದಿ ವಜ್ರ, ರಾಜ್ರ ಮನೇಲಿ ಇರೋವಂಥದ್ದು," ಎಂದಳು. ಕೇಳಿದವರಿಗೆಲ್ಲ ನಾನೂ ಅದನ್ನೇ ಹೇಳಿಕೊಂಡು ಬಂದೆ. ಉಪ್ಪಿನ ಪೊಟ್ಟಣದ ಮೇಲಿನ ತಾರೀಖು ನೋಡದೆ ಕೊಳ್ಳದವಳು ನಾನು. ಬಸ್ಸಿನ ಟಿಕೆಟ್ಟನ್ನು ಎರಡೂ ಕಡೆ ಓದುವವಳು. ಅಕ್ಕನ ಮಾತಿನ ತಾರೀಖನ್ನು ಮಾತ್ರ ನೋಡಲಿಲ್ಲ.

ರಾಮನಗರದಲ್ಲಿ ಒಬ್ಬ ಶೆಟ್ಟರ ಅಂಗಡಿ ಇದೆ. ಮೆತ್ತಗಿನ ಮಾತು, ದಪ್ಪ ಕನ್ನಡಕ. ನನ್ನ ಒಂಟಿ ಓಲೆಯನ್ನು ದೀಪದ ಕೆಳಗೆ ತಿರುಗಿಸಿ ನೋಡಿ, ಪೆನ್ನಿನಂಥ ಒಂದು ಯಂತ್ರವನ್ನು ಕಲ್ಲಿಗೆ ತಾಗಿಸಿದರು. ಅದು ಕುಂಯ್ ಎಂದಿತು. "ವಜ್ರಾನೇ ಅಮ್ಮ. ಬಣ್ಣ ಮಾತ್ರ ನಾನು ಈಗ ಹೇಳಲ್ಲ. ಹಿಂದೆ ಚಿನ್ನ ಮುಚ್ಚಿರೋ ಕಟ್ಟು, ಕಲ್ಲು ಗುಳಿಯೊಳಗೆ ಕೂತಿದೆ," ಎಂದರು. ಹಳದಿ ಕಲ್ಲೊಂದನ್ನು ತರಿಸುತ್ತೇನೆ, ರಿಪೋರ್ಟು ಸಮೇತ ನೋಡೋಣ ಎಂದರು.

"ಸರ್ಟಿಫಿಕೇಟು ಇರ್ತದಾ?" ಎಂದೆ.

"ಸರ್ಟಿಫಿಕೇಟಲ್ಲಮ್ಮ, ರಿಪೋರ್ಟು. ಕಲ್ಲು ಪರೀಕ್ಷೆ ಮಾಡೋ ಪ್ರಯೋಗಾಲಯದವರು ಇದು ಒಳ್ಳೇದು ಕೆಟ್ಟದ್ದು ಅಂತ ಹೇಳಲ್ಲ. ಕಂಡದ್ದನ್ನ ಬರೀತಾರೆ, ಅಷ್ಟೇ."

ಈ ಮಾತು ನನಗೆ ಬಹಳ ಹಿಡಿಸಿತು. ನಮ್ಮ ಕಡೆ ಹೆಣ್ಣು ನೋಡಲು ಬರುವವರಿಗೂ ಇದನ್ನು ಯಾರಾದರೂ ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು.

ಮುಂದಿನ ಸಲ ಹೋಗುವ ಮೊದಲು ನಾನು ಈ ರಿಪೋರ್ಟಿನ ವಿಷಯವನ್ನು ಫೋನಿನಲ್ಲಿ ಓದಿ ತಿಳಿದುಕೊಂಡೆ. ಎಲ್ಲ ಅರ್ಥವಾಯಿತೆಂದು ಹೇಳಲಾರೆ, ಆದರೆ ಸ್ವಾರಸ್ಯ ಬಹಳ. ಬಿಳಿ ವಜ್ರದಲ್ಲಿ ಹಳದಿಯ ಛಾಯೆ ಇದ್ದರೆ ಅದು ಕುಂದು. ಹಳದಿ ಹೆಚ್ಚಿದಷ್ಟೂ ಬೆಲೆ ಇಳಿಯುತ್ತದೆ. ಇಳಿಯುತ್ತ ಇಳಿಯುತ್ತ ಒಂದು ಗೆರೆ ದಾಟಿದರೆ ಆ ಕುಂದೇ ಗುಣವಾಗಿ ಬೆಲೆ ಏರತೊಡಗುತ್ತದೆ. ಗೆರೆಯ ಆಚೆಗಿನ ಬಣ್ಣಕ್ಕೆ 'ಫ್ಯಾನ್ಸಿ' ಎಂದು ಹೆಸರು. ಬಿಂದಿ, ಕ್ಲಿಪ್ಪು ಮಾರುವ ಅಂಗಡಿಗೆ ಮಾತ್ರ ಆ ಹೆಸರಿದೆ ಎಂದುಕೊಂಡಿದ್ದೆ. ಒಸಿ ವಿಚಿತ್ರವಾಗಿದ್ದರೆ ಜನ ಬೈಯುತ್ತಾರೆ, ಪೂರ್ತಿ ವಿಚಿತ್ರವಾದರೆ ಸಾಧು ಎಂದು ಕಾಲಿಗೆ ಬೀಳುತ್ತಾರಲ್ಲ, ಇದೂ ಹಾಗೆಯೇ ಕಾಣುತ್ತದೆ. ಇನ್ನೊಂದು ಮುಖ್ಯ ಸಾಲು, ಬಣ್ಣ ಎಲ್ಲಿಂದ ಬಂತು ಎಂಬುದು. ನೆಲದೊಳಗೆ ತಾನಾಗಿ ಬಂದದ್ದೋ, ಆಮೇಲೆ ಮನುಷ್ಯರು ಕೊಟ್ಟದ್ದೋ. ಮನುಷ್ಯರು ಕೊಟ್ಟದ್ದಾದರೆ ಬೆಲೆ ಬಿದ್ದುಹೋಗುತ್ತದೆ. ಆ ಸಾಲನ್ನು ಓದದೆ ಬಣ್ಣದ ವಜ್ರ ಕೊಳ್ಳಬಾರದಂತೆ.

ಎಲ್ಲಕ್ಕಿಂತ ನನಗೆ ಬೆರಗಾದದ್ದು ವಜ್ರದ ಸೊಂಟದ ಮೇಲಿನ ಬರಹ. ಕಲ್ಲಿಗೂ ಸೊಂಟ ಇದೆ. ಮೇಲ್ಭಾಗ ಕೆಳಭಾಗ ಸೇರುವ ತೆಳ್ಳಗಿನ ಅಂಚು. ಅದರ ಮೇಲೆ ಲೇಸರಿನಿಂದ ರಿಪೋರ್ಟಿನ ನಂಬರು ಕೊರೆದಿರುತ್ತಾರೆ. ಬರಿಗಣ್ಣಿಗೆ ಕಾಣದು. ಹತ್ತರಷ್ಟು ದೊಡ್ಡದು ಮಾಡಿ ತೋರಿಸುವ ಮಸೂರ ಬೇಕು. ಜೀವಮಾನವೆಲ್ಲ ಸೊಂಟದ ಅಳತೆ ತೆಗೆದವಳು ನಾನು, ಆದರೆ ಸೊಂಟದ ಮೇಲೆ ತಾನು ಯಾರೆಂದು ಬರೆದುಕೊಂಡವರನ್ನು ಕಂಡಿರಲಿಲ್ಲ. ಅದೂ ಸಾಲದು, ಒಳ್ಳೆಯ ಕಲ್ಲಿನ ನಂಬರನ್ನೇ ಕಳಪೆ ಕಲ್ಲಿನ ಮೇಲೆ ಕೊರೆದು ಮೋಸ ಮಾಡುವವರೂ ಇದ್ದಾರಂತೆ. ಆದ್ದರಿಂದ ತೂಕ, ಅಳತೆ, ಒಳಗಿನ ಕಲೆಗಳು, ಎಲ್ಲವೂ ರಿಪೋರ್ಟಿನ ಜೊತೆ ತಾಳೆಯಾಗಬೇಕು.

"ನೋಡಿ ತಗೋ," ಎಂದು ಮುಮ್ತಾಜ್ ಹೊರಡುವಾಗ ಎಚ್ಚರಿಸಿದಳು. "ನಮ್ಮನೆಯವ್ರು ಗೂಡನ್ನ ಕಿವಿ ಹತ್ರ ಅಲ್ಲಾಡಿಸಿ ನೋಡ್ದೆ ತರಲ್ಲ. ನೀನೂ ಅಲ್ಲಾಡ್ಸಿ ನೋಡು." ರೇಷ್ಮೆಗೂಡಿನ ಒಳಗಿನ ಹುಳು ಸದ್ದು ಮಾಡುತ್ತದೆ ನಿಜ. ವಜ್ರ ಏನು ಹೇಳೀತು?

ಶೆಟ್ಟರು ಸೀಲು ಹಾಕಿದ ಪುಟ್ಟ ಪೊಟ್ಟಣವನ್ನೂ ರಿಪೋರ್ಟನ್ನೂ ಮುಂದಿಟ್ಟರು. ನಾನು ನಿಧಾನವಾಗಿ ಓದಿದೆ. ಆಕಾರ, ತೂಕ, ಅಳತೆ. ಬಣ್ಣ, ಫ್ಯಾನ್ಸಿ ಹಳದಿ. ಬಣ್ಣದ ಮೂಲ, ನೈಸರ್ಗಿಕ. ರಿಪೋರ್ಟಿನ ನಂಬರನ್ನು ಅವರ ಫೋನಿನಲ್ಲಿ ಪ್ರಯೋಗಾಲಯದ ಜಾಲತಾಣಕ್ಕೆ ಹಾಕಿಸಿದೆ. ಅದೇ ವಿವರ ಬಂತು. ಸೀಲು ಒಡೆಸಿ ಕಲ್ಲನ್ನು ತೂಗಿಸಿದೆ. ಆಮೇಲೆ ಮಸೂರ ಕೇಳಿದೆ. ಮೊದಲು ಕಂಡದ್ದು ನನ್ನದೇ ರೆಪ್ಪೆಗೂದಲು, ಹುಣಸೆ ಬರಲಿನ ಹಾಗೆ. ಮೊಣಕೈ ಮೇಜಿಗೆ ಊರಿ, ಮಸೂರವನ್ನು ಕಣ್ಣಿಗೆ ತಂದು, ಕಲ್ಲನ್ನು ಮಸೂರದ ಹತ್ತಿರಕ್ಕೆ ತರಬೇಕು ಎಂದು ಅವರೇ ಹೇಳಿಕೊಟ್ಟರು. ಸೂಜಿಗೆ ದಾರ ಪೋಣಿಸಿದ ಕೈ, ಬೇಗ ಹಿಡಿತಕ್ಕೆ ಬಂತು. ಮಂಜಿನೊಳಗಿನಿಂದ ಬರುವ ಬಸ್ಸಿನ ಬೋರ್ಡಿನಂತೆ ಅಂಕಿಗಳು ನಿಧಾನವಾಗಿ ಮೂಡಿದವು. ಒಂದೊಂದನ್ನೂ ಗಟ್ಟಿಯಾಗಿ ಓದುತ್ತ ಕಾಗದದೊಂದಿಗೆ ಹೋಲಿಸಿದೆ.

"ಅಮ್ಮಾ, ನೀವು ನೋಡೋದ್ ನೋಡಿದ್ರೆ ನಂಗೇ ನನ್ ಮೇಲೆ ಅನುಮಾನ ಬತ್ತದೆ," ಎಂದು ಶೆಟ್ಟರು ನಕ್ಕರು.

ಎಲ್ಲ ಸರಿಯಾಗಿತ್ತು. ಆದರೂ ನನ್ನ ಕಸುಬು ಸುಮ್ಮನಿರಲಿಲ್ಲ. ಸೀರೆಗೆ ರವಿಕೆ ಬಟ್ಟೆ ಹೊಂದಿಸುವಾಗ ಮ್ಯಾಚಿಂಗ್ ಸೆಂಟರಿನ ಟ್ಯೂಬ್‌ಲೈಟನ್ನು ನಂಬಬಾರದು. ಎರಡನ್ನೂ ಬಾಗಿಲ ಬೆಳಕಿಗೆ ತಂದು ನೋಡಬೇಕು. ಹೊಸ ಕಲ್ಲು ಒಂದು ಕೈಯಲ್ಲಿ, ಅವ್ವನ ಓಲೆ ಇನ್ನೊಂದರಲ್ಲಿ, ಶೆಟ್ಟರನ್ನು ಪಕ್ಕದಲ್ಲಿಟ್ಟುಕೊಂಡು ಅಂಗಡಿಯ ಬಾಗಿಲಿಗೆ ಬಂದೆ. ಎರಡೂ ಹಳದಿ. ಆದರೆ ಹೊಸದರದು ನಿಂಬೆಹಣ್ಣಿನ ಹಳದಿ, ನಮ್ಮದು ಅರಿಶಿನದ್ದು. ಹೊಸದು ಒಳಗಿನಿಂದ ಮಿನುಗುತ್ತಿತ್ತು. ನಮ್ಮದು ಹಿಂದಿನಿಂದ ಯಾರೋ ದೀಪ ಹಿಡಿದ ಹಾಗೆ.

ಆಗ ಹೊಳೆಯಿತು, ಈ ರಿಪೋರ್ಟುಗಳೆಲ್ಲ ಒಂದೊಂದೇ ಕಲ್ಲಿಗೆ. ಇದು ಇಂಥದ್ದು ಎಂದು ಬರೆಯುತ್ತವೆ, ಇದು ಇಂಥದಕ್ಕೆ ಜೋಡಿ ಎಂದು ಬರೆಯುವುದಿಲ್ಲ. ಜೋಡಿಯನ್ನು ಕಣ್ಣೇ ನೋಡಬೇಕು.

"ನಿಮ್ಮದನ್ನ ಬಿಚ್ಚದೆ ನಾನು ಏನೂ ಹೇಳಕ್ಕಾಗಲ್ಲ," ಎಂದರು ಶೆಟ್ಟರು. "ಪ್ರಯೋಗಾಲಯದವರೂ ಬಿಡಿ ಕಲ್ಲೇ ಕೇಳ್ತಾರೆ. ಬಿಚ್ಚಿ ಕಳಿಸಿದ್ರೆ ಅದಕ್ಕೂ ರಿಪೋರ್ಟ್ ಆಯ್ತದೆ. ಬೇಕಂದ್ರೆ ನಂಬರೂ ಕೊರೀತಾರೆ. ಹಳೇ ಕಲ್ಲು, ತೆಗೆಯುವಾಗ ಚಕ್ಕೆ ಏಳಬೋದು. ಯೋಚ್ನೆ ಮಾಡಿ."

ಯೋಚನೆ ಮಾಡಿದೆ. ಚಕ್ಕೆ ಎದ್ದರೆ ಇದ್ದ ಒಂದೂ ಕೈಬಿಟ್ಟ ಹಾಗೆ. ಬಿಚ್ಚದಿದ್ದರೆ ಅದು ಡಬ್ಬಿಯಲ್ಲೇ ಇರುವುದು, ನನ್ನ ಕಿವಿಯಲ್ಲಿ ಬೇವಿನ ಕಡ್ಡಿ. ಇಂಥ ಹೊತ್ತಿನಲ್ಲಿ ಪಕ್ಕದಲ್ಲಿ ಒಬ್ಬಳು ಇರಬೇಕು. ಅವಳು "ಬೇಡ ಕಣೇ" ಎನ್ನಬೇಕು, ನಾನು ಅದಕ್ಕೆ ವಿರುದ್ಧವಾಗಿಯಾದರೂ ತೀರ್ಮಾನ ಮಾಡಬೇಕು. ವಿರೋಧಿಸಲು ಯಾರೂ ಇಲ್ಲದಿದ್ದರೆ ಮನಸ್ಸಿಗೆ ಊರಿಕೊಳ್ಳಲು ಗೋಡೆಯೇ ಸಿಗುವುದಿಲ್ಲ. ಕೊನೆಗೆ "ಬಿಚ್ಚಿ," ಎಂದೆ. ನನ್ನ ದನಿ ನನಗೇ ದೂರದಿಂದ ಕೇಳಿದ ಹಾಗಾಯಿತು.

ಅಂಗಡಿಯ ಹಿಂಭಾಗದಲ್ಲಿ ಆಚಾರಿಯೊಬ್ಬರು ಕೂರುತ್ತಾರೆ. ಅವರು ಓಲೆಯ ಅಂಚಿನ ಚಿನ್ನವನ್ನು ಸಣ್ಣ ಚಾಣದಿಂದ ಕೂದಲೆಳೆಯಷ್ಟೇ ಎಬ್ಬಿಸುತ್ತ ಸುತ್ತು ಬಂದರು. ನಾನು ಉಸಿರು ಹಿಡಿದು ನಿಂತೆ, ಅಳತೆ ಕೊಡುವವರ ಹಾಗೆ. ಕಲ್ಲು ಸದ್ದಿಲ್ಲದೆ ಬಿಳಿ ಕಾಗದದ ಮೇಲೆ ಬಿತ್ತು. ಚಕ್ಕೆ ಎದ್ದಿರಲಿಲ್ಲ.

ಹಳದಿಯೂ ಇರಲಿಲ್ಲ.

ಕಾಗದದ ಮೇಲೆ ಇದ್ದದ್ದು ಗಂಜಿನೀರಿನ ಬಣ್ಣದ, ಚಪ್ಪಟೆಯಾದ, ತೊಗರಿಬೇಳೆಯಷ್ಟಗಲದ ಸಾಧಾರಣ ಬಿಳಿ ಕಲ್ಲು. ಪೆಟ್ಟಿಗೆಯಿಂದ ತೆಗೆದ ದಿನ ನಾನು ಮುಖ ಸಣ್ಣ ಮಾಡಿದ್ದ ಅದೇ ಕಲ್ಲು. ಹಳದಿ ಓಲೆಯ ಗುಳಿಯಲ್ಲೇ ಉಳಿದಿತ್ತು.

ಆಚಾರಿ ಅದನ್ನು ಬೆಳಕಿಗೆ ಹಿಡಿದು ಹುಬ್ಬೇರಿಸಿದರು. "ಇದೇನು ಶೆಟ್ರೇ, ಗೊಂಬೆ ಅರಗು! ನಾವು ತುಂಬೋದು ಕರೀದು. ಇದನ್ಯಾರೋ ಹಳದಿ ಅರಗು ತುಂಬಿ, ಅದರ ಮೇಲೆ ಕಲ್ಲು ಕೂರಿಸವ್ರೆ. ಪಾಲೀಸು ಬೇರೆ ಮಾಡವ್ರೆ, ನೋಡಿ."

ಮಸೂರ ಕೇಳಿದೆ. ಈ ಸಲ ರೆಪ್ಪೆಗೂದಲು ಅಡ್ಡ ಬರಲಿಲ್ಲ. ಗುಳಿಯ ತಳದಲ್ಲಿ ಅರಿಶಿನದ ಹಳದಿ, ಕನ್ನಡಿಯಂತೆ ಹೊಳಪು. ಮರದ ಮೇಲೆ ತಾಳೆಗರಿ ಉಜ್ಜಿದಾಗ ಬರುವ ಹೊಳಪು ಅದು. ಕಲ್ಲಿನ ಕೆಳಗೆ, ಯಾರೂ ಎಂದೂ ನೋಡದ ಜಾಗದಲ್ಲಿ. ಆ ಹಳದಿಗೆ ಮ್ಯಾಚಿಂಗ್ ಹುಡುಕಲು ನಾನು ಬಾಗಿಲಿಗೆ ಹೋಗಬೇಕಾಗಿರಲಿಲ್ಲ. ದಿನವೂ ಮುಟ್ಟುವ ಬಣ್ಣ ಅದು. ನನ್ನ ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಗುಂಡಿ, ಹುಕ್ಕು ಹಾಕಿಡುವ ಒಂದು ದುಂಡು ಡಬ್ಬಿ ಇದೆ. ಅಕ್ಕ ಕಾರ್ಖಾನೆಯಲ್ಲಿ ಉಳಿದ ಮರದಲ್ಲಿ ನನಗೆಂದು ಕಡೆದು ತಂದದ್ದು. ಅದರ ಮುಚ್ಚಳದ ಹಳದಿ.

ನೈಸರ್ಗಿಕವಲ್ಲ. ಬಣ್ಣದ ಮೂಲ, ನಮ್ಮ ಜಯಕ್ಕ.

ನನಗೆ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ತಡೆಯಲಾರದಷ್ಟು. ಕೊಳೆ ಹೋಯ್ತು ಕಣೇ, ಒಳಗೆ ಹಳದಿ ಇತ್ತು. ಎಷ್ಟು ಮದುವೆಗಳಲ್ಲಿ, ಎಷ್ಟು ಜನರ ಮುಂದೆ ನಾನು ಕತ್ತು ತಿರುಗಿಸಿ ಈ ಹಳದಿಯನ್ನು ತೋರಿಸಿದ್ದೆ! ಪಕ್ಕದಲ್ಲೇ ನಿಂತು ಅವಳು ಎಷ್ಟು ಗಂಭೀರವಾಗಿ ತಲೆಯಾಡಿಸಿದ್ದಳು! ಆದರೆ ನಗುತ್ತ ನಗುತ್ತ ಅಭ್ಯಾಸದಂತೆ ಎಡಕ್ಕೆ ತಿರುಗಿದರೆ ಅಲ್ಲಿ ಶೆಟ್ಟರ ತೂಕದ ಯಂತ್ರ ಮಾತ್ರ ಇತ್ತು. ತಮಾಷೆ ನನಗೆ ಅರ್ಥವಾಗುವ ಹೊತ್ತಿಗೆ ಅದನ್ನು ಮಾಡಿದವಳು ಎದ್ದು ಹೋಗಿದ್ದಳು. "ಸಿಕ್ಕಾಕ್ಕಂಡೆ ನೋಡು" ಎಂದು ಹೇಳಲು ಅವಳೇ ಇಲ್ಲ. ಶೆಟ್ಟರು ನೀರು ತರಿಸಿಕೊಟ್ಟರು. ನಾನು ಕಣ್ಣು ಒರೆಸಿಕೊಳ್ಳುವುದನ್ನು ನೋಡಿ, ಮೋಸಹೋದೆನೆಂದು ಅಳುತ್ತಿದ್ದೇನೆ ಎಂದುಕೊಂಡರೇನೋ.

"ಬೇಜಾರ್ ಮಾಡ್ಕಬೇಡಿ. ಈ ಹೊಸ ಕಲ್ಲು ನಿಮ್ಮದಕ್ಕೆ ಜೋಡಿ ಅಲ್ಲ, ವಾಪಸ್ ಕಳಿಸ್ತೀನಿ," ಎಂದರು. "ಒಂದು ಸಾದಾ ಬಿಳಿ ಕಲ್ಲು ತರಿಸಿ, ಈ ಅರಗು ಕೆರೆದು, ಎರಡಕ್ಕೂ ಬೆಳ್ಳಿ ತಗಡು ಹಾಕಿ ಕೂರಿಸಿದ್ರೆ ಚೆನ್ನಾಗ್ ಹೊಳೀತವೆ."

"ಕೆರೀಬೇಡಿ!" ನನ್ನ ದನಿ ಜೋರಾಯಿತು. ಆಚಾರಿಯ ಕೈಯಲ್ಲಿ ಚಾಣ ಅಲ್ಲೇ ನಿಂತಿತು. "ಹೆಂಗಿತ್ತೋ ಹಂಗೇ ಕೂರಿಸಿ."

"ರಿಪೋರ್ಟು?"

"ಬೇಡ. ಬರೆದಿರೋದು ಓದ್ಕಂಡೆ."

ಚನ್ನಪಟ್ಟಣಕ್ಕೆ ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಪಕ್ಕದ ಸೀಟು ಖಾಲಿ, ಅದರ ಮೇಲೆ ನನ್ನ ಚೀಲ ಇಟ್ಟುಕೊಂಡೆ. ಹೊಂಗನೂರಿನ ಮಣ್ಣಿನ ಕೆಳಗೆ, ಒಂದು ಮಂಕು ಕಲ್ಲಿನ ಹಿಂದೆ, ಇಂಥದೇ ಹಳದಿ ಇದೆ. ನಾನು ರಾಮನಗರದವರೆಗೆ ಹೋಗಿ ಹುಡುಕಿದ ಜೋಡಿ ಅಲ್ಲಿದೆ. ಬೇರೆ ಯಾವ ಗಣಿಯಲ್ಲೂ ಅದು ಹುಟ್ಟಿಲ್ಲ. ಒಂದು ಸಂಜೆ ಮಂಕಾದ ತಂಗಿಯ ಮುಖ ನೋಡಲಾರದೆ, ಕಾರ್ಖಾನೆಯ ಒಂದು ಚೂರು ಅರಗಿನಲ್ಲಿ ಆದದ್ದು ಅದು. ಕಲ್ಲಿಗೆ ಮನುಷ್ಯರು ಕೊಟ್ಟ ಬಣ್ಣಕ್ಕೆ ಬೆಲೆ ಇಲ್ಲ ಎಂದು ಬರೆದವರು ತಪ್ಪು ಬರೆದಿಲ್ಲ, ಅವರ ಲೆಕ್ಕಕ್ಕೆ ಅದು ಸರಿ. ಕಂಡದ್ದನ್ನು ಬರೆಯುವವರು ಅವರು, ಕಾಣದ ಜಾಗದಲ್ಲಿ ಪಾಲೀಸು ಮಾಡಿದವಳನ್ನು ಎಲ್ಲಿ ಬರೆದಾರು?

ಮನೆಗೆ ಬಂದು ಬೇವಿನ ಕಡ್ಡಿ ಕಿತ್ತು ಹಾಕಿದೆ. ಈಗ ನನ್ನ ಬಲಗಿವಿಯಲ್ಲಿ ಓಲೆ ಇದೆ, ಎಡಗಿವಿಯಲ್ಲಿ ಸಾದಾ ಚಿನ್ನದ ಕಡ್ಡಿ. ಮುಮ್ತಾಜ್ ಸುತ್ತು ಹಾಕಿ ಎರಡೂ ಕಡೆ ನೋಡಿ, "ಇದ್ಯಾವ ಫ್ಯಾಷನ್ನಕ್ಕ!" ಎಂದು ಹಣೆ ಬಡಿದುಕೊಂಡಳು. ಮುದ್ದೆಯನ್ನು ಈಗಲೂ ಇಬ್ಬರಿಗಾಗುವಷ್ಟೇ ತಿರುವುತ್ತೇನೆ. ಸಂಜೆ ಈಗಲೂ ಉದ್ದವೇ.

ಮೊನ್ನೆ ಮಾಗಡಿಯಿಂದ ಮದುವೆಯಾಗಿ ಈ ಬೀದಿಗೆ ಬಂದ ಹೊಸ ಹುಡುಗಿಯೊಬ್ಬಳು ರವಿಕೆ ಹೊಲಿಸಲು ಬಂದಿದ್ದಳು. ನಮ್ಮ ಮನೆಯ ವಿಷಯ ಅವಳಿಗೆ ಏನೂ ಗೊತ್ತಿಲ್ಲ. ಕೈ ಎತ್ತಿ ನಿಂತವಳ ಕಣ್ಣು ಎಲ್ಲರ ಕಣ್ಣಿನಂತೆ ನನ್ನ ಬಲಗಿವಿಗೆ ಬಂತು, ಹೊಳಪಿಗೆ ಸೋತು ಅಲ್ಲೇ ನಿಂತಿತು. ನಾನು ಆ ಕಡೆಯ ಅಳತೆ ಮುಗಿಸಿ ಈ ಕಡೆಗೆ ತಿರುಗಿದಾಗ ಎಡಗಿವಿಗೆ ಬಂತು.

"ಇನ್ನೊಂದೆಲ್ಲಕ್ಕ?" ಎಂದಳು.

"ನಮ್ಮಕ್ಕ ಹಾಕ್ಕಂಡವ್ಳೆ."

"ಒಂದ್ ಜೊತೆ ಇಬ್ರೂ ಹಾಕ್ಕತೀರಾ?" ಅವಳು ಕಿಸಕ್ಕನೆ ನಕ್ಕಳು. ಟೇಪು ಜಾರಿತು.

"ಹೂಂ. ಮೊದ್ಲಿಂದ್ಲೂ ಹಂಗೇಯ," ಎಂದೆ. "ಅಲ್ಲಾಡ್ಬೇಡ, ಕೈ ಒಸಿ ಮ್ಯಾಕೆತ್ತು."